ಹೊಲಿದ ಕೈಪಟ್ಟಿ

ನನ್ನ ತಮ್ಮ ಎಂಟು ವರ್ಷ ಡ್ರಮ್ಸ್ ಬಾರಿಸಿದ್ದು ನನ್ನ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ. ಗೋಡೆ ಗುದ್ದಿ ‘ನಿಲ್ಲಿಸೋ’ ಎಂದು ಕೂಗಿದ್ದೇನೆಯೇ ಹೊರತು ಒಂದು ದಿನವೂ ಕೂತು ಕೇಳಿದವಳಲ್ಲ. ಎರಡು ದಿನದ ರಾಕ್ ಉತ್ಸವದಲ್ಲಿ ಅವನ ಬ್ಯಾಂಡಿಗೆ ಅರ್ಧ ಗಂಟೆ ಸಿಕ್ಕಿತು.

“ಅಕ್ಕಾ, ಮುಂದೇನೇ ನಿಂತ್ಕೋಬೇಕು. ನಿನ್ನ ಮುಖ ನೋಡ್ಕೊಂಡು ಬಾರಿಸ್ತೀನಿ” ಅಂದ. ಮಾತು ಕೊಟ್ಟೆ.

ಶುಕ್ರವಾರವೇ ನಾನೂ ಯಜಮಾನರೂ ಹೋಗಿ ಪ್ರವೇಶದ ಕೈಪಟ್ಟಿ ಹಾಕಿಸಿಕೊಂಡು ಬಂದೆವು. ಬಟ್ಟೆಯ ಪಟ್ಟಿ, ಮಣಿಕಟ್ಟಿಗೆ ಸುತ್ತಿ ಲೋಹದ ಗುಂಡಿ ಒತ್ತಿಬಿಡುತ್ತಾರೆ. ನನ್ನದು ಸಡಿಲ. ಮಷೀನಿನ ಮುಂದೆ ಕೂತರೆ ಮೇಲಕ್ಕೂ ಕೆಳಕ್ಕೂ ಜಾರುತ್ತಿತ್ತು, ಅಂಚಿನ ಎಳೆಯೂ ಬಿಟ್ಟುಕೊಂಡಿತ್ತು. ಇಂಥದ್ದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಕತ್ತರಿಸಿ, ಎರಡು ಬೆರಳಗಲ ಒಳಗೆ ತೆಗೆದು, ಒಂದು ತುದಿಯನ್ನು ಹಲ್ಲಲ್ಲಿ ಹಿಡಿದು, ಅದೇ ಬಣ್ಣದ ದಾರದಲ್ಲಿ ಕೈ ಮೇಲೆಯೇ ಹೊಲಿದೆ. ಬಟ್ಟೆ ನೋಡಿದೆನೇ ಹೊರತು ಅದರ ಮೇಲಿನ ಅಕ್ಷರ ನೋಡಲಿಲ್ಲ.

ಮರುದಿನ ನಾಲ್ಕಕ್ಕೆ ತಮ್ಮನ ಸರದಿ. ಮೂರೂವರೆಗೆ ಗೇಟಿನಲ್ಲಿದ್ದೆವು. ಕಾವಲುಗಾರ ಪಟ್ಟಿ ನೋಡಿ ಒಳಗೆ ಬಿಟ್ಟೇಬಿಟ್ಟಿದ್ದ.

“ನಿಮ್ಮದು ಎಷ್ಟು ಚೆನ್ನಾಗಿ ಕೂತಿದೆಯಮ್ಮ. ಎಲ್ಲರದ್ದೂ ಜೋತಾಡ್ತಿರುತ್ತೆ” ಅಂದ.

ಸುಮ್ಮನೆ ಹೋಗಬೇಕಿತ್ತು. “ಕತ್ತರಿಸಿ ನಾನೇ ಹೊಲ್ಕೊಂಡೆ” ಅಂದೆ.

ಅವನ ಮುಖ ಬದಲಾಯಿತು. “ಕತ್ತರಿಸಿದ್ರೆ ನಡೆಯಲ್ಲ, ಬೇರೆಯವರದ್ದು ಹಾಕ್ಕೊಂಡು ಬರ್ತಾರೆ. ಪಟ್ಟಿ ಮೇಲೇ ಬರೆದಿದೆ ನೋಡಿ. ಸಾಹೇಬ್ರು ಬರಲಿ, ಈ ಕಡೆ ನಿಂತ್ಕೊಳ್ಳಿ.”

“ಹೊಲಿಗೆ ಹೊಗಳಿದ್ರೆ ಸಾಕು, ಇವಳು ಮನೆ ಬೀಗದ ಕೈನೂ ಕೊಟ್ಟುಬಿಡ್ತಾಳೆ” ಎಂದರು ಯಜಮಾನರು.

“ನೀವಾದ್ರೂ ಹೋಗ್ರೀ.”

“ನಾನು ಹೋಗಿ ಏನು ಮಾಡ್ಲಿ? ಅವನಿಗೆ ಬೇಕಾಗಿರೋದು ನನ್ನ ಮುಖಾನಾ?”

ಫೋನಿನಲ್ಲಿ ಐದು ನಿಮಿಷ ಅಂದ ಸಾಹೇಬರು ನಾಲ್ಕಾದರೂ ಬರಲಿಲ್ಲ. ಒಳಗೆ ಡ್ರಮ್ಸ್ ಶುರುವಾಯಿತು. ಧ್ವನಿವರ್ಧಕಗಳು ಆ ಕಡೆ ತಿರುಗಿದ್ದವು; ನನಗೆ ಬಂದದ್ದು ನೆಲದೊಳಗಿನ ಗುದ್ದು ಮಾತ್ರ. ಅಷ್ಟರಿಂದಲೇ ಹಾಡು ಗುರುತಾಯಿತು. ಮೂರನೆಯ ಹಾಡಿನಲ್ಲಿ ಅವನು ಯಾವಾಗಲೂ ನಡುವೆ ತಾಳ ಬಿಟ್ಟು ಓಟ ಕೀಳುತ್ತಾನೆ. ನಾನು ಗೋಡೆ ಗುದ್ದುತ್ತಿದ್ದುದೂ ಅಲ್ಲಿಯೇ. ಇವತ್ತು ಓಡಲಿಲ್ಲ. ಒಂದೊಂದು ಪೆಟ್ಟೂ ಅಳತೆ ಹಿಡಿದಂತೆ ಬಿತ್ತು. ಹಾಗೆ ಬಾರಿಸುವಾಗ ಅವನ ಮುಖ ಹೇಗಿರುತ್ತದೋ. ನನಗೆ ಕಾಣುತ್ತಿದ್ದುದು ತಗಡಿನ ಬೇಲಿ.

ಸಾಹೇಬರು ಬಂದರು. ಕನ್ನಡಕ ಏರಿಸಿ ಪಟ್ಟಿಯನ್ನು ಸುತ್ತ ತಿರುಗಿಸಿದರು.

“ಎಲ್ಲಮ್ಮಾ ಕತ್ತರಿಸಿದ್ದು? ಕಾಣ್ತಾನೇ ಇಲ್ಲ.”

“ಕಾಣೋ ಹಾಗೆ ಹೊಲಿಯೋದು ನನಗೆ ಬರಲ್ಲ ಸಾರ್” ಅಂದೆ. ಕಣ್ಣು ತುಂಬಿತ್ತು.

ಅವರು ನಕ್ಕು ಒಳಗೆ ಬಿಟ್ಟರು. ಓಡಿದೆವು. ವೇದಿಕೆ ತಲುಪುವಾಗ ಚಪ್ಪಾಳೆ ಮುಗಿಯುತ್ತಿತ್ತು, ಹುಡುಗರು ತಂತಿ ಸುತ್ತುತ್ತಿದ್ದರು.

ತಮ್ಮ ಬೆವರು ಒರೆಸಿಕೊಳ್ಳುತ್ತ ಬಂದ. “ಎಲ್ಲಿದ್ದೆ ಅಕ್ಕಾ? ಮೂರು ಹಾಡು ಹುಡುಕಿದೆ, ಆಮೇಲೆ ಬಿಟ್ಟೆ.”

ಗೇಟಿನ ಕಥೆ ಹೇಳಿದೆ. ಮೂರನೆಯದು ಓಡಲಿಲ್ಲ ಎಂದೂ ಹೇಳಿದೆ. ಅವನು ತಲೆಯಾಡಿಸಿದ, ನಗಲಿಲ್ಲ.

ಮುಂದಿನ ಬ್ಯಾಂಡ್ ವೇದಿಕೆ ಹತ್ತಿತು. ಜನ ಕುಣಿಯತೊಡಗಿದರು, ಯಜಮಾನರ ಕಾಲು ಕೂಡ ತಾಳ ಹಾಕುತ್ತಿತ್ತು. ಡ್ರಮ್ಸ್‌ನವಳು ಕೂದಲು ಎಸೆಯುತ್ತ ಬಾರಿಸುತ್ತಿದ್ದಳು. ನಾನು ತಮ್ಮನ ಕಿವಿಯ ಹತ್ತಿರ ಬಾಗಿ ಕೇಳಿದೆ: “ನೀನೂ ಹೀಗೇನಾ ಬಾರಿಸೋದು?”

“ನೋಡಿದ್ದಿದ್ರೆ ಗೊತ್ತಾಗ್ತಿತ್ತು” ಅಂದ.