ಬದನೆಕಾಯಿಗೂ ಬಿ.ಪಿ. ತೋರಿಸಿದ ಗಡಿಯಾರ

ತಂಗಡಗಿಯ ಕಾಶಿಬಾಯಿಗೆ ಈ ಬೇಸಿಗೆಯಲ್ಲಿ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮಗಳು ಸುವರ್ಣಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಕೈತುಂಬ ಕುಬುಸದ, ಅಂದರೆ ಸೀಮಂತದ, ಹಸಿರು ಬಳೆ, ಅದರ ಜೊತೆಗೊಂದು ಗಡಿಯಾರ. ಬಸವನ ಬಾಗೇವಾಡಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಅಳಿಯ ಸಿದ್ಧರಾಮ ಕೊಡಿಸಿದ್ದು. ಅದು ಸಾದಾ ಗಡಿಯಾರವಲ್ಲ. ನಾಡಿ ಎಷ್ಟು, ಬಿ.ಪಿ. ಎಷ್ಟು, ರಾತ್ರಿ ನಿದ್ದೆ ಎಷ್ಟು, ಎಲ್ಲ ಹೇಳುತ್ತದಂತೆ. ಎಲ್ಲ ಸರಿಯಿದ್ದರೆ ಹಸಿರು ಚುಕ್ಕೆ, ಇಲ್ಲದಿದ್ದರೆ ಕೆಂಪು.

ಕಾಶಿಬಾಯಿಗೆ ಅಂಕಿ ಓದಲು ಬರದು. ಆದರೆ ಹಸಿರು ಗೊತ್ತು. ಊರಿನ ಶುದ್ಧ ನೀರಿನ ಘಟಕದಲ್ಲಿ ಹಸಿರು ದೀಪ ಉರಿದರೆ ಕೊಡ ಹಿಡಿಯಬೇಕು, ಕೆಂಪು ಉರಿದರೆ ಖಾಲಿ ಕೊಡ ಹೊತ್ತು ಮನೆಗೆ ಬರಬೇಕು. ಇಷ್ಟು ತಿಳಿದ ಮೇಲೆ ಇನ್ನೇನು ಬೇಕು? ಓಣಿಯ ಹೆಂಗಸರನ್ನೆಲ್ಲ ಕರೆದು ಮಗಳ ಕೈ ತೋರಿಸಿದ್ದೇ ತೋರಿಸಿದ್ದು. "ನಮ್ಮ ಅಳಿಯಾರು ಡಾಕ್ಟರನ್ನ ಕೈಗೇ ಕಟ್ಟಿ ಕಳಿಸ್ಯಾರ" ಎಂದು ಹೇಳಿದ್ದೇ ಹೇಳಿದ್ದು. ತಿಂಗಳ ತಪಾಸಣೆಗೆ ಕರೆಯಲು ಆಶಾ ಕಾರ್ಯಕರ್ತೆ ಸಗೀರಾ ಬಂದರೆ, "ಇಂಥಾ ಬಿಸಲಾಗ ಬಸುರಿನ್ನ ಯಾಕ ಅಡ್ಡ್ಯಾಡಸ್ತಿ? ಹಸರ ಐತಿ, ಹೋಗು" ಎಂದು ಕಳಿಸಿಬಿಟ್ಟಿದ್ದಳು.

ಒಂದು ತೊಡಕಿತ್ತು. ಮುಂಗೈ ತುಂಬ ಬಳೆ ಇರುವಾಗ ಗಡಿಯಾರ ಕಟ್ಟುವುದೆಲ್ಲಿ? ಕುಬುಸದ ಬಳೆ ಹೆರಿಗೆಯಾಗುವ ತನಕ ಕೈಯಿಂದ ಇಳಿಯಬಾರದು. ಕಾಶಿಬಾಯಿ ಉಪಾಯ ಮಾಡಿದಳು. ಬಳೆಗಳ ಮೇಲೆಯೇ ಗಡಿಯಾರ ಇಟ್ಟು, ಹಸಿರು ಅರಿವೆಯ ಪಟ್ಟಿಯಿಂದ ಬಿಗಿದಳು. ಹಸಿರು ಚುಕ್ಕೆ ಬಂತು. ಬಂತಲ್ಲ, ಅಲ್ಲಿಗೆ ಮುಗಿಯಿತು.

ಅವತ್ತು ಮುಂಜಾನೆ ಕಾಶಿಬಾಯಿ ಎಣ್ಣೆಗಾಯಿ ಮಾಡಲೆಂದು ಬುಟ್ಟಿ ತುಂಬ ಮುಳ್ಳುಗಾಯಿ ಬದನೆ ಇಟ್ಟುಕೊಂಡು ಕೂತಿದ್ದಳು. ಸುವರ್ಣಾ ಗೋಡೆಗೆ ಒರಗಿ ಹಣೆ ಒತ್ತಿಕೊಳ್ಳುತ್ತಿದ್ದಳು.

"ಅವ್ವಾ, ತಲಿ ಭಾಳ ಸಿಡ್ಯಾಕತ್ತೈತಿ."

"ಗಡಿಯಾರ ಏನಂತೈತಿ?"

"ಹಸರ ಐತಿ."

"ಮತ್ತೇನು? ಪಿತ್ತ ಆಗಿರಬೇಕು. ಸುಂಟಿ ಅರದು ಹಚ್ಚತೇನಿ ತಡಿ."

ಅಷ್ಟರಲ್ಲಿ ಸಗೀರಾ ಮತ್ತೆ ಬಂದಳು. ಅದೇ ಓಣಿಯವಳು, ಕಾಶಿಬಾಯಿಯ ಕಣ್ಣೆದುರೇ ಬೆಳೆದವಳು. ಬೈದು ಕಳಿಸಿದರೂ ಮನಸ್ಸಿಗೆ ಹಚ್ಚಿಕೊಳ್ಳದವಳು. ಅವಳ ಕಣ್ಣು ಮೊದಲು ಹೋದದ್ದು ಸುವರ್ಣಾಳ ಕಾಲಿಗೆ. ಕಾಲುಂಗುರ ಬಾತ ಬೆರಳಲ್ಲಿ ಹೂತುಹೋಗಿತ್ತು.

"ಯಾವಾಗಿಂದ ಹಿಂಗ ಬಾತೈತಿ?"

"ಬಸುರಿಗೆ ಕಾಲ ಬಾಯೂದು ಹೊಸಾದಲ್ಲ ಬಿಡು" ಎಂದಳು ಕಾಶಿಬಾಯಿ.

"ಕಾಲಷ್ಟ ಅಲ್ರಿ ಕಾಕಿ, ಮಾರಿನೂ ಬಾತೈತಿ. ತಲಿನೋವು ಬ್ಯಾರೆ. ಬಿ.ಪಿ. ನೋಡೂಣ್ರಿ."

"ನೋಡಿ ಏನ ಮಾಡತಿ? ಜರಾ ಹೆಚ್ಚ ಬಂದ್ರ ಮುದ್ದೇಬಿಹಾಳದ ದವಾಖಾನಿಗೆ ನಡೀರಿ ಅಂತಿ. ಅಲ್ಲಿ ಹೋದ್ರ ಹೊಟ್ಟಿ ಕೊಯ್ತಾರ. ನಿನ್ನ ಮಷಿನ್ ಹಳೇದು, ನಮ್ಮದು ಹೊಸಾದು. ಹೊಸಾದು ಸುಳ್ಳ ಹೇಳತೈತೇನು?"

ಸಗೀರಾ ವಾದಕ್ಕೆ ಇಳಿಯಲಿಲ್ಲ. ಸುವರ್ಣಾಳ ಕೈಯಿಂದ ಗಡಿಯಾರ ಬಿಚ್ಚಿದಳು. ಬುಟ್ಟಿಯಿಂದ ಒಂದು ದಪ್ಪ ಬದನೆಕಾಯಿ ಆರಿಸಿ ಅದಕ್ಕೆ ಕಟ್ಟಿದಳು.

"ಏ ಹುಡುಗಿ, ಏನಿದು ಹುಚ್ಚಾಟ?"

"ಒಂದೀಟ ತಡೀರಿ ಕಾಕಿ."

ಗಡಿಯಾರ ಸ್ವಲ್ಪ ಹೊತ್ತು ಮಿಣಮಿಣ ಅಂದಿತು. ಸುವರ್ಣಾ ಬಗ್ಗಿ ಓದಿದಳು. "ನೂರಾ ಹದಿನೆಂಟು, ಎಪ್ಪತ್ತಾರು. ಹಸರ." ತಲೆನೋವಿನಲ್ಲೂ ಅವಳಿಗೆ ನಗು ಬಂತು. "ಅವ್ವಾ, ಬದನಿಕಾಯಿ ಆರಾಮ ಐತಿ."

ಕಾಶಿಬಾಯಿ ನಗಲಿಲ್ಲ. ಈಳಿಗೆಮಣೆಯ ಮೇಲಿಂದ ಕೈ ತೆಗೆದಳು.

"ಹಂಗಾರ ಇದು ಇಷ್ಟ ದಿನ ನನ್ನ ಮಗಳನ್ನ ನೋಡೇ ಇಲ್ಲೇನು?"

"ಬಳಿ ನೋಡೈತ್ರಿ. ಮೈಗೆ ಹತ್ತಿಸಿ ಕಟ್ಟಿದ್ರೂ ಬಸುರಿ ಬಿ.ಪಿ.ಗೆ ಇಂಥಾ ಗಡಿಯಾರ ನಂಬಬಾರದ್ರಿ. ತೋಳಿಗೆ ಪಟ್ಟಿ ಕಟ್ಟೇ ನೋಡಬೇಕು."

ಕಾಶಿಬಾಯಿಯೇ ಎದ್ದು ಮಗಳ ಕುಪ್ಪಸದ ತೋಳು ಮೇಲಕ್ಕೆ ಸರಿಸಿದಳು. ಸಗೀರಾ ಸುವರ್ಣಾಳನ್ನು ಸಮಾಧಾನವಾಗಿ ಕೂಡಿಸಿ ಪಟ್ಟಿ ಕಟ್ಟಿದಳು. ನೂರಾ ಅರವತ್ತೆರಡು, ನೂರಾ ಹತ್ತು. "ನನ್ನ ಮಷಿನ್ನೂ ದೇವರಲ್ಲ, ಇನ್ನೊಮ್ಮಿ ನೋಡತೇನಿ" ಎಂದು ತುಸು ತಡೆದು ಮತ್ತೆ ನೋಡಿದಳು. ಇಳಿದಿರಲಿಲ್ಲ.

ಅವರ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಹೊರಗಿನ ಕಟ್ಟೆಯ ಮೇಲೆ ಮಾತ್ರ. ಅಲ್ಲಿ ಕೂತು ಸಗೀರಾ ಆರೋಗ್ಯ ಕೇಂದ್ರದ ಡಾಕ್ಟರಮ್ಮನಿಗೆ ವಿಡಿಯೋ ಕಾಲ್ ಹಚ್ಚಿದಳು. ಫೋನಿನಲ್ಲಿ ಡಾಕ್ಟರಮ್ಮ ಸುವರ್ಣಾಳ ಮುಖ ನೋಡಿ ಕೇಳಿದರು.

"ಕಣ್ಣು ಮಂಜಾಗಾಕತ್ತಾವೇನವಾ?"

ಸುವರ್ಣಾ ತಾಯಿಯ ಮುಖ ನೋಡಿದಳು. "ನಿನ್ನಿಯಿಂದ ಕಣ್ಣ ಮುಂದ ಮಿಂಚಿನ ಹುಳ ಹಾರ್ಯಾಡಿದಂಗ ಆಗತೈತ್ರಿ."

"ನನಗ್ಯಾಕ ಹೇಳಲಿಲ್ಲ ಯವ್ವಾ?" ಕಾಶಿಬಾಯಿ ಮಗಳ ಪಕ್ಕಕ್ಕೆ ಸರಿದು ಕೂತಳು.

"ಗಡಿಯಾರ ಹಸರ ಇತ್ತಲ್ಲವ್ವಾ. ನಂದ ಏನೋ ಭ್ರಮಿ ಅಂದ್ಕೊಂಡ್ನಿ."

ಆ ಮಾತು ಕಾಶಿಬಾಯಿಯ ಎದೆಗೆ ನಾಟಿತು. ಮಗಳು ತನ್ನ ಕಣ್ಣನ್ನು ತಾನೇ ನಂಬದ ಹಾಗೆ ಮಾಡಿದ್ದು ತಾನೇ ಅಲ್ಲವೇ?

ಡಾಕ್ಟರಮ್ಮ ಸಮಾಧಾನದಿಂದಲೇ ಹೇಳಿದರು. "ಇದು ತಾಯಿಗೂ ಕೂಸಿಗೂ ಅಪಾಯ ಐತ್ರಿ. ಫಿಟ್ಸ್ ಬರಬಹುದು. ಫೋನಿನ್ಯಾಗ ನಾ ಮಾತಾಡಬಹುದು, ಇಂಜೆಕ್ಷನ್ ಮಾಡಾಕ ಬರೂದಿಲ್ಲ. ಈಗ 108ಕ್ಕ ಹಚ್ಚರಿ. ಮುದ್ದೇಬಿಹಾಳದಾಗ ತಯಾರ ಇರ್ರಿ ಅಂತ ನಾ ಹೇಳತೇನಿ."

ಎಣ್ಣೆಗಾಯಿ ಹಾಗೆಯೇ ಉಳಿಯಿತು. ಗಾಡಿ ಬಂತು, ಮೂವರೂ ಹತ್ತಿದರು.

ಆಸ್ಪತ್ರೆಯಲ್ಲಿ ಔಷಧಿ ಏರಿಸಲು ನರ್ಸ್ ಬಾಯಿ ನರ ಹುಡುಕಿದಳು. ಎರಡೂ ಮುಂಗೈ ಬಾತಿದ್ದವು, ಬಳೆ ಬಿಗಿದು ಕೂತಿದ್ದವು. ಆಕೆಯೂ ಆ ಕಡೆಯವಳೇ, ಕುಬುಸದ ಬಳೆ ಎಂದರೇನು ಎಂದು ಬಲ್ಲವಳು. ಕಾಶಿಬಾಯಿಯನ್ನು ನೋಡಿದಳು.

ಕಾಶಿಬಾಯಿ ಸಬಕಾರ ಬೇಡಿದಳು. ಮಗಳ ಕೈಗೆ ನೊರೆ ಹಚ್ಚಿ ಒಂದೊಂದಾಗಿ ಬಳೆ ಇಳಿಸಿದಳು. ಕೊನೆಯವು ಇಳಿಯಲಿಲ್ಲ. ಅವನ್ನು ಸೆರಗಿನಲ್ಲಿ ಸುತ್ತಿ ತಾನೇ ಒತ್ತಿ ಒಡೆದಳು.

"ಬಳಿ ಮತ್ತ ಇಡಸಬಹುದು" ಎಂದಳು ನರ್ಸಿಗೆ. "ಕೈ ಉಳೀಬೇಕು. ನಿಮ್ಮ ಕೆಲಸ ನೀವು ಮಾಡ್ರಿ."

ಮರುದಿನ ಸುವರ್ಣಾ ಹೆಣ್ಣು ಹೆತ್ತಳು. ಕೂಸು ಸಣ್ಣದಿತ್ತು, ಅಳು ಮಾತ್ರ ದೊಡ್ಡದಿತ್ತು. ಕೆಲವು ದಿನ ಇಬ್ಬರನ್ನೂ ಅಲ್ಲೇ ಇಟ್ಟುಕೊಂಡು ನೋಡಿಕೊಂಡರು. ಬಿ.ಪಿ. ಇಳಿದ ಮೇಲೆಯೇ ಮನೆಗೆ ಕಳಿಸಿದರು.

ತೊಟ್ಟಿಲ ದಿನ ಬಳೆಗಾರ ಬಂದ. ಸುವರ್ಣಾಳ ಕೈ ಮತ್ತೆ ಹಸಿರಾಯಿತು. ಕಾಶಿಬಾಯಿ ಸಗೀರಾಳನ್ನು ಎಳೆದು ಕೂಡಿಸಿ ಅವಳಿಗೂ ಕೈತುಂಬ ಇಡಿಸಿದಳು. ಸಿದ್ಧರಾಮ ಅಳುಕುತ್ತ ಕೇಳಿದ, "ಅತ್ತಿ, ಆ ಗಡಿಯಾರ ಎಲ್ಲೈತ್ರಿ?"

"ಗ್ವಾಡಿಗಿ ತೂಗಹಾಕೇನ್ರಿ ಅಳಿಯಾರ. ಟೈಮ್ ಭಾಳ ಚಲೋ ತೋರಸತೈತಿ."

ಕಾಶಿಬಾಯಿ ಅಷ್ಟಕ್ಕೇ ಬಿಡಲಿಲ್ಲ. ಮರುವಾರ ನೀರಿನ ಘಟಕಕ್ಕೆ ಹೋಗಿ ಅದನ್ನು ನೋಡಿಕೊಳ್ಳುವ ಭೀಮುವಿನ ಮುಂದೆ ಕೊಡ ಇಳಿಸಿದಳು. "ದೀಪ ಹಸರ ಐತಿ, ಕಾಣತೈತಿ. ಟಾಕಿ ಯಾವಾಗ ತೊಳದಿಯೋ ತಮ್ಮಾ? ನೀರ ಪರೀಕ್ಷಾಕ್ಕ ಯಾವಾಗ ಕಳಿಸಿದ್ರಿ?"  ಸಂಜೆಯೊಳಗೆ ಟಾಕಿ ತೊಳೆದಾಗಿತ್ತು. ಪರೀಕ್ಷೆಯ ಮಾತು ಪಂಚಾಯಿತಿಗೆ ಮುಟ್ಟಿತ್ತು.

ತಾಯಂದಿರೇ, ಗಂಡಂದಿರೇ, ಅತ್ತೆಯರೇ, ಯಂತ್ರ ಬೇಡವೆಂದು ಈ ಕಥೆ ಹೇಳುತ್ತಿಲ್ಲ. ಸುವರ್ಣಾಳನ್ನು ಉಳಿಸಿದ್ದರಲ್ಲಿ ಸಗೀರಾಳ ಮಷಿನ್ನೂ ಇತ್ತು, ಫೋನೂ ಇತ್ತು. ಆದರೆ ಬಾತ ಕಾಲು ಕಂಡದ್ದು ಮನುಷ್ಯರ ಕಣ್ಣಿಗೆ. ಬಸುರಿಗೆ ತಲೆ ಸಿಡಿದರೆ, ಕಣ್ಣು ಮಂಜಾದರೆ, ಮುಖ ಕೈ ಬಾತರೆ, ಹೊಟ್ಟೆಯ ಮೇಲ್ಭಾಗ ನೋವಾದರೆ, ಕೈಗಡಿಯಾರ ಏನೇ ಹೇಳಲಿ, ತಡ ಮಾಡಬೇಡಿ. ಆಶಾ ಅಕ್ಕನನ್ನು ಕರೆಯಿರಿ, 108ಕ್ಕೆ ಫೋನ್ ಮಾಡಿ. ತಪಾಸಣೆಯ ದಿನ ಯಾವತ್ತೂ ತಪ್ಪಿಸಬೇಡಿ. ಹಸಿರು ಚುಕ್ಕೆ ಕಂಡು ಸುಮ್ಮನೆ ಕೂರುವ ಮುನ್ನ ಕಾಶಿಬಾಯಿಯ ಬದನೆಕಾಯಿಯನ್ನು ನೆನೆಯಿರಿ, ಆಮೇಲೆ ಮಗಳ ಮುಖವನ್ನೊಮ್ಮೆ ನೋಡಿ, "ಹೆಂಗದೀ ಯವ್ವಾ?" ಎಂದು ಕೇಳಿ.