ಬಿಷಪ್‌ನ ವಿಮೆ

ಲೊರೇನ್ ಮತ್ತು ನಾನು ಮಾತು ಬಿಟ್ಟು ವರ್ಷದ ಮೇಲಾಯಿತು. ಟಾಡ್ಮೊರ್ಡನ್‌ನಂಥ ಸಣ್ಣ ಊರಿನಲ್ಲಿ ಮಾತು ಬಿಟ್ಟುಕೊಂಡು ಬದುಕುವುದು ಸುಲಭವಲ್ಲ. ಸಂತೆಕಟ್ಟೆಯಲ್ಲೋ ಕಾಲುವೆಯ ದಾರಿಯಲ್ಲೋ ದಿನಕ್ಕೊಮ್ಮೆ ಎದುರಾಗಲೇಬೇಕು. ನೋಡಿದ ಜನ ಸುಮ್ಮನಿರುವುದಿಲ್ಲ. ಮೀನಂಗಡಿಯ ಹೆಂಗಸು ಮೊನ್ನೆ ಎಲ್ಲರ ಮುಂದೆಯೇ ಕೇಳಿದಳು: "ಏನ್ ಗ್ಲೆಂಡಾ, ನಾಯಿ ವಿಮೆಗೋಸ್ಕರ ನಲವತ್ತು ವರ್ಷದ ಗೆಳೆತನ ಬಿಟ್ಯಂತೆ?" ವಿಮೆಗೋಸ್ಕರ ಅಲ್ಲ ಎಂದು ಎಷ್ಟು ಜನಕ್ಕೆ ಹೇಳಿಕೊಂಡು ತಿರುಗಲಿ? ನಡೆದದ್ದು ಹೀಗೆ.

ಅಮ್ಮ ತೀರಿಕೊಂಡದ್ದು ಒಂದು ಮಾರ್ಚ್ ತಿಂಗಳಲ್ಲಿ. ಒಂಬತ್ತು ವರ್ಷ ಅವಳನ್ನು ನಾನೊಬ್ಬಳೇ ನೋಡಿಕೊಂಡಿದ್ದೆ. ಬೆಳಿಗ್ಗೆ ಶಾಲೆಯ ಮಿನಿಬಸ್ಸಿನಲ್ಲಿ ಮಕ್ಕಳನ್ನು ಇಳಿಸಿ ಬರುವುದು, ಅಮ್ಮನನ್ನು ಎಬ್ಬಿಸಿ ತೊಳೆದು ತಿನ್ನಿಸುವುದು, ಮೂರು ಗಂಟೆಗೆ ಮತ್ತೆ ಬಸ್ಸು ಹತ್ತುವುದು. ಅವಳು ಹೋದ ಮೇಲೆ ಬಸ್ಸು ಮಾತ್ರ ಉಳಿಯಿತು. ನಡುವಿನ ಹೊತ್ತಿನಲ್ಲಿ ಏನು ಮಾಡುವುದೆಂದು ತೋಚದೆ ಅವಳ ಕುರ್ಚಿಯಲ್ಲೇ ಕೂತಿರುತ್ತಿದ್ದೆ. ಮೇ ಬಂದರೂ ಕಿಟಕಿ ತೆಗೆದಿರಲಿಲ್ಲ.

ಆ ಕಿಟಕಿ ತೆಗೆದವಳು ಲೊರೇನ್. ನನ್ನ ಜೊತೆ ಒಂದೇ ಬೆಂಚಿನಲ್ಲಿ ಓದಿದವಳು. ಇಪ್ಪತ್ತೆರಡು ವರ್ಷದಿಂದ ಊರಿನ ಪಶುವೈದ್ಯ ಆಶ್‌ವರ್ತ್ ಅವರ ಚಿಕಿತ್ಸಾಲಯದಲ್ಲಿ ಮುಂದಿನ ಮೇಜಿನ ಮೇಲ್ವಿಚಾರಣೆ ಅವಳದು. ಫೋನು ಎತ್ತುವುದು, ಸರದಿ ಕೊಡುವುದು, ಬಂದ ಪ್ರಾಣಿಗಳ ವಿವರ ಕಂಪ್ಯೂಟರಿಗೆ ಹಾಕುವುದು.

"ನಿಂಗೆ ಮನೇಲೊಂದು ಜೀವ ಬೇಕು ಕಣೇ," ಅಂದಳು. "ಗಂಡಸು ಬೇಡ, ಅದು ನಿನ್ ಕೈಲಿ ಆಗಲ್ಲ. ನಾಯಿ ನೋಡೋಣ."

"ಸಣ್ಣದಾದ್ರೆ ನೋಡ್ತೀನಿ."

"ಸಣ್ಣದೇ ತಗೊ, ಯಾರ್ ಬೇಡ ಅಂದ್ರು."

ರಾಚ್‌ಡೇಲ್‌ನಲ್ಲಿ ಬಿಟ್ಟುಹೋದ ನಾಯಿಗಳನ್ನು ಸಾಕುವ ಆಶ್ರಮವೊಂದಿದೆ. ಅಲ್ಲಿಗೆ ಹೋದೆವು. ಸಣ್ಣ ನಾಯಿಗಳೆಲ್ಲ ಕಿವಿ ಕಿತ್ತುಹೋಗುವಂತೆ ಬೊಗಳುತ್ತಿದ್ದವು. ಕೊನೆಯ ಗೂಡಿನಲ್ಲಿ ಸೇಂಟ್ ಬರ್ನಾರ್ಡ್ ಜಾತಿಯ ಎಂಟು ತಿಂಗಳ ಭಾರೀ ಮರಿಯೊಂದು ಜೋಲುಬಿದ್ದ ಕೆನ್ನೆ ಇಟ್ಟುಕೊಂಡು, ನಮ್ಮ ಪಾಪಗಳನ್ನೆಲ್ಲ ಆಗಲೇ ಕೇಳಿ ಕ್ಷಮಿಸಿಬಿಟ್ಟಂತೆ ಕೂತಿತ್ತು. ಸಾಕಿದವರಿಗೆ ಮಗು ಹುಟ್ಟಿತಂತೆ, ಮನೆ ಸಾಲಲಿಲ್ಲವಂತೆ. ನಾನು ಅದರ ಮುಂದೆ ಕುಕ್ಕರಗಾಲಲ್ಲಿ ಕೂತಾಗ ತಲೆಯನ್ನು ತಂದು ನನ್ನ ಭುಜದ ಮೇಲೆ ಇಟ್ಟಿತು. ಅಷ್ಟು ಭಾರದ ತಲೆ. ಬಿಷಪ್ ಎಂದು ಹೆಸರಿಟ್ಟದ್ದು ಲೊರೇನ್.

ಆಶ್ರಮದವರ ಕರಾರಿತ್ತು: ಆರು ವಾರ ಇಟ್ಟುಕೊಂಡು ನೋಡಿ, ಆಗಲಿಲ್ಲವೆಂದರೆ ಮರಳಿ ತಂದುಬಿಡಿ, ಯಾರೂ ಏನೂ ಅನ್ನುವುದಿಲ್ಲ.

ಎರಡನೆಯ ವಾರ ಆಶ್‌ವರ್ತ್ ಅವರ ಹತ್ತಿರ ತೋರಿಸಿದೆ. ಎದೆ ಕೇಳಿದರು, ಹಲ್ಲು ನೋಡಿದರು, ಚೆನ್ನಾಗಿದ್ದಾನೆ ಅಂದರು. ಹೊರಗೆ ಬಂದು ಲೊರೇನ್‌ಳ ಮೇಜಿಗೆ ಒರಗಿ ನಿಂತು ಹರಟೆ ಹೊಡೆದೆ. ಮಳೆ ಬಂದಿದ್ದರಿಂದ ಬೇರೆ ಯಾರೂ ಇರಲಿಲ್ಲ.

"ಗುಡ್ಡ ಇಳಿದು ಬಂದು ಮಲಗಿದ ಮೇಲೆ ಏಳೋದು ನೋಡ್ಬೇಕು ನೀನು," ಅಂದೆ. "ಥೇಟ್ ನಮ್ಮಪ್ಪನೇ. ಮುಂದಿನರ್ಧ ಮೊದಲು ಏಳತ್ತೆ. ಹಿಂದಿನರ್ಧ ಯೋಚನೆ ಮಾಡಿ ಆಮೇಲೆ ಏಳತ್ತೆ."

ಲೊರೇನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಮ್ಮಪ್ಪ ಗಿರಣಿಯಿಂದ ಬಂದು ಸೋಫಾದಲ್ಲಿ ಕುಸಿದು ಮತ್ತೆ ಏಳುತ್ತಿದ್ದುದನ್ನು ಅವಳೂ ಕಂಡವಳು. ನಗುತ್ತಲೇ ಅವಳ ಬೆರಳು ಕೀಲಿಮಣೆಯ ಮೇಲೆ ಓಡುತ್ತಿತ್ತು. ಯಾವುದೋ ಬಿಲ್ಲು ಹಾಕುತ್ತಿದ್ದಾಳೆ ಅಂದುಕೊಂಡೆ.

ವಿಮೆಯ ಮಾತು ತೆಗೆದವಳೂ ಅವಳೇ. "ಇಷ್ಟು ದೊಡ್ಡ ಜಾತಿ ನಾಯೀನ ವಿಮೆ ಇಲ್ದೆ ಇಟ್ಕೋಬೇಡ. ಸೊಂಟ, ಮೊಣಕೈ, ಎದೆ, ಎಲ್ಲಾ ಇವಕ್ಕೇ ಬರೋದು. ದಿನಾ ನೋಡ್ತೀನಿ ನಾನು. ದುಡ್ಡಿಲ್ದೆ ನಾಯೀನ ಸೂಜಿ ಚುಚ್ಚಿ ಸಾಯಿಸಿಬಿಡಿ ಅನ್ನೋರನ್ನ ನೋಡೀ ನೋಡೀ ಸಾಕಾಗಿದೆ."

ಎರಡು ಭಾನುವಾರ ನನ್ನ ಅಡುಗೆಮನೆಯ ಮೇಜಿನ ಮೇಲೆ ಅವಳ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ಅವಳು ಹಂದಿಮಾಂಸದ ಪೈ ತರುತ್ತಿದ್ದಳು, ನಾನು ಟೀ ಮಾಡುತ್ತಿದ್ದೆ, ಬಿಷಪ್ ಮೇಜಿನ ಕೆಳಗೆ ಇಬ್ಬರ ಪಾದಗಳ ಮೇಲೂ ಮಲಗಿರುತ್ತಿದ್ದ. ಅಗ್ಗದ ಪಾಲಿಸಿಗಳಿಗೆ ಕೊರತೆಯಿರಲಿಲ್ಲ. ಒಂದು ಅಪಘಾತಕ್ಕೆ ಮಾತ್ರ ಕೊಡುತ್ತದೆ. ಇನ್ನೊಂದು ಯಾವ ಕಾಯಿಲೆಗಾದರೂ ಒಂದು ವರ್ಷ ಕೊಟ್ಟು ಆಮೇಲೆ ಕೈತೊಳೆದುಕೊಳ್ಳುತ್ತದೆ. ನಮಗೆ ಬೇಕಾದದ್ದು ಜೀವನಪರ್ಯಂತದ್ದು. ವರ್ಷವರ್ಷವೂ ಬಿಡದೆ ಮುಂದುವರಿಸಿದರೆ ಅದೇ ಕಾಯಿಲೆಗೆ ನಾಯಿ ಸಾಯುವ ತನಕ ಕೊಡುವಂಥದ್ದು. ಸೇಂಟ್ ಬರ್ನಾರ್ಡ್ ಎಂದು ಜಾತಿ ಬರೆದ ಕೂಡಲೇ ಕಂತು ಮೂರು ಪಟ್ಟು ಹಾರುತ್ತಿತ್ತು.

"ಲ್ಯಾಬ್ರಡಾರ್ ಅಂತ ಹಾಕಿಬಿಡ್ಲಾ?" ಎಂದೆ.

"ಫೋಟೋ ಕೇಳಿದ್ರೆ ಏನ್ ಮಾಡ್ತೀಯ, ದೂರದಿಂದ ತೆಗೀತೀಯಾ?"

ನಕ್ಕೆವು. ಎರಡನೆಯ ಭಾನುವಾರ ಸಂಜೆಗೆ ಒಂದು ಕಂಪನಿ ಸಿಕ್ಕಿತು. ಶನಿವಾರ ಈಜುಕೊಳಕ್ಕೆ ಮಕ್ಕಳನ್ನು ಒಯ್ಯುವ ಬಸ್ಸನ್ನೂ ನಾನೇ ಒಪ್ಪಿಕೊಂಡರೆ ಕಂತು ಹೊಂದಿಸಬಹುದಿತ್ತು. ಸಣ್ಣಕ್ಷರಗಳನ್ನೆಲ್ಲ ಲೊರೇನ್ ಗಟ್ಟಿಯಾಗಿ ಓದಿದಳು. ಅರ್ಜಿ ತುಂಬುತ್ತಾ ಹೋದೆ. ಒಂದು ಪ್ರಶ್ನೆಯ ಹತ್ತಿರ ಕೈ ನಿಂತಿತು. ಇದುವರೆಗೆ ನಾಯಿಯಲ್ಲಿ ಕುಂಟು, ಬಿಗಿತ, ಯಾವುದೇ ಅನಾರೋಗ್ಯದ ಲಕ್ಷಣ ನೀವಾಗಲಿ ವೈದ್ಯರಾಗಲಿ ಗಮನಿಸಿದ್ದೀರಾ?

"ಆ ಏಳೋವಾಗ ಮಾಡ್ತಾನಲ್ಲ, ಅದು ಲೆಕ್ಕಕ್ಕೆ ಬರತ್ತೇನೇ?" ಎಂದು ಕೇಳಿದೆ.

ಲೊರೇನ್ ಪೈಯ ತುಂಡನ್ನು ಬಾಯಿಗಿಟ್ಟುಕೊಂಡಿದ್ದಳು. ಅಗಿದು ನುಂಗಿದಳು. "ಬೆಳೆಯೋ ಮರಿ ಎಲ್ಲಾ ಹಂಗೇ ಏಳೋದು. ಇಲ್ಲ ಅಂತ ಹಾಕು."

ಇಲ್ಲ ಎಂದು ಹಾಕಿದೆ. ತಪ್ಪಿನಲ್ಲಿ ನನ್ನ ಪಾಲೂ ಇದೆ, ಮುಚ್ಚಿಡುವುದಿಲ್ಲ. ಆದರೆ ನಾನು ಕೇಳಿದ್ದು ಬಲ್ಲವಳನ್ನು.

ಆ ಬೇಸಿಗೆ ಮತ್ತು ಶರತ್ಕಾಲದಲ್ಲಿ ನಾನು ಅಮ್ಮನ ಕುರ್ಚಿಯಲ್ಲಿ ಕೂತ ನೆನಪಿಲ್ಲ. ದಿನಕ್ಕೆರಡು ಬಾರಿ ಕಾಲುವೆಯ ದಾರಿ, ಭಾನುವಾರ ಗುಡ್ಡ. ಹೆಸರು ಗೊತ್ತಿಲ್ಲದ ಜನ ನಿಲ್ಲಿಸಿ ಮಾತಾಡಿಸುತ್ತಿದ್ದರು. ಬಸ್ಸಿನ ಮಕ್ಕಳು ಅವನಿಗೆ ಹುಟ್ಟುಹಬ್ಬದ ಕಾರ್ಡು ಮಾಡಿ ಕೊಟ್ಟವು.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಕಾಲುವೆಯಲ್ಲಿ ದೋಣಿಗಳಿಗೆ ನೀರು ಏರಿಳಿಸುವ ಲಾಕ್ ಗೇಟಿನ ಪಕ್ಕದ ಮೆಟ್ಟಿಲ ಮಧ್ಯದಲ್ಲಿ ಬಿಷಪ್ ಕೂತುಬಿಟ್ಟ. ಮೇಲಕ್ಕೂ ಬರಲಿಲ್ಲ, ಕೆಳಕ್ಕೂ ಇಳಿಯಲಿಲ್ಲ. ನನ್ನ ಮುಖ ನೋಡುತ್ತಿದ್ದ. ದೋಣಿಯಲ್ಲಿದ್ದ ಇಬ್ಬರು ಗಂಡಸರು ಕಂಬಳಿಯಲ್ಲಿ ಎತ್ತಿ ನನ್ನ ವ್ಯಾನಿಗೆ ಹಾಕಿಕೊಟ್ಟರು. ಆಶ್‌ವರ್ತ್ ಎಕ್ಸ್‌ರೇ ಮಾಡಿ ನನಗೆ ತೋರಿಸಿದರು. ಸೊಂಟದ ಎರಡೂ ಕೀಲುಗಳು ಮೂಳೆಯ ಬಟ್ಟಲಲ್ಲಿ ಕೂರುವ ಬದಲು ಅಂಚಿನಲ್ಲಿ ಜಾರುತ್ತಿದ್ದವು. ಎಡಗಡೆಯದು ತೀರಾ ಕೆಟ್ಟಿತ್ತು. ಕೀಲು ಬದಲಿಸುವ ಆಸ್ಪತ್ರೆಗೆ ಕಳಿಸುತ್ತೇನೆ ಅಂದರು. ಖರ್ಚು ಕೇಳಿದಾಗ ನಾನು ಹೆದರಲಿಲ್ಲ. "ವಿಮೆ ಇದೆ, ಜೀವನಪರ್ಯಂತದ್ದು," ಎಂದೆ. ಆ ಮಾತು ಹೇಳುವಾಗ ನನಗೆ ಎಷ್ಟು ಹೆಮ್ಮೆಯಿತ್ತೆಂದರೆ, ಲೊರೇನ್ ಕಡೆ ತಿರುಗಿ ನೋಡಿದೆ. ಅವಳು ಯಾರದೋ ಫೋನಿನಲ್ಲಿದ್ದಳು.

ಕಂಪನಿಯವರು ನಾಯಿಯ ಚಿಕಿತ್ಸೆಯ ಪೂರ್ತಿ ದಾಖಲೆ ತರಿಸಿಕೊಂಡರು. ಹನ್ನೊಂದು ದಿನ ಬಿಟ್ಟು ನನಗೆ ಕಾಗದ ಬಂತು. ಪರಿಹಾರ ಕೊಡಲಾಗುವುದಿಲ್ಲ, ಪಾಲಿಸಿ ಶುರುವಾಗುವ ಮೊದಲೇ ಲಕ್ಷಣ ಕಾಣಿಸಿತ್ತು. ಕೆಳಗೆ ತಾರೀಖು, ದಾಖಲೆಯಿಂದ ಎತ್ತಿ ಬರೆದ ಸಾಲು: "ಇಳಿಜಾರು ಇಳಿದು ಮಲಗಿದ ಮೇಲೆ ಏಳುವಾಗ ಹಿಂಭಾಗ ಬಿಗಿ. ಮುಂಭಾಗ ಮೊದಲು ಏಳುತ್ತದೆ, ಹಿಂಭಾಗ ತಡವಾಗಿ. 'ಥೇಟ್ ನಮ್ಮಪ್ಪ' ಎನ್ನುತ್ತಾರೆ ಒಡತಿ."

ಮೊದಲು ನನಗೆ ನಮ್ಮಪ್ಪ ಈ ಕಾಗದದಲ್ಲಿ ಹೇಗೆ ಬಂದ ಎಂಬುದೇ ತಿಳಿಯಲಿಲ್ಲ. ಎರಡು ಸಲ ಓದಿದೆ. ಆಮೇಲೆ ಆ ಮಳೆ, ಆ ಮೇಜು, ಓಡುತ್ತಿದ್ದ ಬೆರಳು ಎಲ್ಲ ನೆನಪಾಯಿತು. ನನ್ನ ತಮಾಷೆಯನ್ನು ನನಗೇ ಟೈಪು ಮಾಡಿ ಕಳಿಸಿದ್ದರು.

ಕಾಗದ ಹಿಡಿದು ಚಿಕಿತ್ಸಾಲಯಕ್ಕೆ ಹೋದೆ. ಮಧ್ಯಾಹ್ನದ ಬಿಡುವು. ಲೊರೇನ್ ಹಿಂದಿನ ಕೋಣೆಯಲ್ಲಿ ನಾಯಿ ಆಹಾರದ ಚೀಲಗಳ ನಡುವೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು. ನನ್ನ ಕೈಯಲ್ಲಿದ್ದುದನ್ನು ನೋಡಿ ಸ್ಯಾಂಡ್‌ವಿಚ್ ಕೆಳಗಿಟ್ಟಳು.

"ನಾನೇ ಬರ್ದಿದ್ದು," ಅಂದಳು. "ನೀನು ಹೇಳಿದ ದಿನಾನೇ. ನಾಯಿ ಬಗ್ಗೆ ಯಾರು ಏನು ಹೇಳಿದ್ರೂ ಹಾಕ್ಬೇಕು. ಅದು ನನ್ನ ಕೆಲಸ."

"ಬರ್ದಿದ್ದಕ್ಕೆ ನಾನೇನೂ ಅನ್ನಲ್ಲ. ನಮ್ಮನೇಲಿ ಕೂತು ಅರ್ಜಿ ತುಂಬೋವಾಗ ನಿಂಗೆ ಅದು ನೆನಪಿತ್ತಾ?"

ಅವಳು ಬೆರಳಿಗಂಟಿದ ಬ್ರೆಡ್ಡಿನ ಪುಡಿ ಒರೆಸಿಕೊಂಡಳು.

"ಲೊರೇನ್, ನೆನಪಿತ್ತಾ?"

"ಇತ್ತು."

"ಇಲ್ಲ ಅಂತ ಹಾಕು ಅಂದ್ಯಲ್ಲೇ."

"ಕೇಳು ಇಲ್ಲಿ. ನಿನ್ನ ಆರು ವಾರ ಮುಗಿಯೋಕೆ ಒಂಬತ್ತು ದಿನ ಇತ್ತು. ಸೊಂಟಕ್ಕೆ ವಿಮೆ ಸಿಗಲ್ಲ ಅಂತ ನಾನು ಬಾಯಿ ಬಿಟ್ಟಿದ್ರೆ ನೀನು ಸೋಮವಾರ ಬೆಳಿಗ್ಗೇನೇ ಅವನನ್ನ ವಾಪಸ್ ಬಿಟ್ಟು ಬರ್ತಿದ್ದೆ. ನಿನ್ನನ್ನ ನಂಗೆ ಗೊತ್ತಿಲ್ವಾ? ಬಿಟ್ಟು ಬಂದು ಮತ್ತೆ ಆ ಕುರ್ಚೀಲಿ ಕೂತ್ಕೋತಿದ್ದೆ. ಅವನ ಕಾಲಿಗೆ ಏನೂ ಆಗದೆ ಇರಬಹುದು ಅಂದ್ಕೊಂಡೆ ಕಣೇ. ಎಷ್ಟೋ ಮರಿಗಳಿಗೆ ಏನೂ ಆಗಲ್ಲ."

"ಅದು ನಾನು ತೀರ್ಮಾನ ಮಾಡೋ ವಿಷಯ."

"ನೀನು ತೀರ್ಮಾನ ಮಾಡೋ ಸ್ಥಿತೀಲಿ ಇರಲಿಲ್ಲ."

"ಹೋಗ್ಲಿ. ದಾಖಲೆ ಕಳಿಸಿದ್ದು ಯಾರು?"

"ನಾನೇ. ಅಳಿಸಿ ಕಳ್ಸು ಅಂತೀಯಾ? ಕೆಲಸ ಹೋಗತ್ತೆ, ಡಾಕ್ಟರ ಹೆಸರೂ ಹೋಗತ್ತೆ."

"ಅಳಿಸು ಅಂತ ನಾನೆಲ್ಲಿ ಅಂದೆ? ಕಳಿಸಿ ಹನ್ನೊಂದು ದಿನ ಆಯ್ತು. ಮಧ್ಯೆ ಎರಡು ಭಾನುವಾರ ಬಂದು ನಮ್ಮನೇಲಿ ಟೀ ಕುಡಿದೆ. ಆಪರೇಷನ್ ಆದ್ಮೇಲೆ ಎಲ್ಲಿ ಮಲಗಿಸೋದು ಅಂತ ನನ್ಜೊತೆ ಸೇರಿ ಸೋಫಾ ತಳ್ಳಿ ಜಾಗ ಮಾಡ್ದೆ. ಒಂದು ಮಾತು ಹೇಳೋಕಾಗ್ಲಿಲ್ವಾ?"

ಹೊರಗೆ ಫೋನು ಹೊಡೆದುಕೊಂಡಿತು. ಲೊರೇನ್ ಎದ್ದು ಹೋಗಿ ಎತ್ತಿಕೊಂಡು, ಎಂದಿನ ನಯವಾದ ಸ್ವರದಲ್ಲಿ ಯಾರದೋ ಬೆಕ್ಕಿಗೆ ಸರದಿ ಕೊಟ್ಟಳು. ಆ ಸ್ವರ ಕೇಳಿದ ಮೇಲೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಬೇರೆ ಕಂಪನಿಗಳಲ್ಲಿ ವಿಚಾರಿಸಿದೆ. ಈಗಾಗಲೇ ಗೊತ್ತಿರುವ ಕಾಯಿಲೆಗೆ ಯಾರೂ ಕೊಡುವುದಿಲ್ಲ. ಇದ್ದ ಪಾಲಿಸಿಯನ್ನು ಬಿಡುವಂತೆಯೂ ಇರಲಿಲ್ಲ. ಎದೆಗೋ ಹೊಟ್ಟೆಗೋ ಏನಾದರೂ ಬಂದರೆ ಅದೊಂದೇ ದಿಕ್ಕು. ಹೀಗೆ ನನ್ನನ್ನು ಹೊರಗೆ ಹಾಕಿದವರಿಗೇ ತಿಂಗಳು ತಿಂಗಳು ಕಂತು ಕಟ್ಟುತ್ತಾ ಇದ್ದೇನೆ.

ಫೈಲಿ ಎಂಬ ಊರಿನ ಸಮುದ್ರದ ದಂಡೆಯಲ್ಲಿ ಅಮ್ಮನದೊಂದು ಹಳೆಯ ಕ್ಯಾರವಾನ್, ರಜೆಗೆ ಹೋಗಿ ಇರುವ ಗಾಲಿಮನೆ, ಇತ್ತು. ಹದಿನಾರನೆಯ ವಯಸ್ಸಿನಿಂದ ಅಮ್ಮ ಕಾಯಿಲೆ ಬೀಳುವ ತನಕ ಪ್ರತಿ ಆಗಸ್ಟಿನಲ್ಲಿ ನಾನೂ ಲೊರೇನೂ ಅಲ್ಲಿಗೆ ಹೋಗುತ್ತಿದ್ದೆವು. ಅದನ್ನು ಮಾರಿದೆ. ಎಡಗಾಲಿನ ಕೀಲಿಗೆ ಅದು ಸಾಕಾಯಿತು. ಬಲಗಾಲು ಸದ್ಯಕ್ಕೆ ಹೇಗೋ ನಡೆಯುತ್ತದೆ ಎಂದರು ಶಸ್ತ್ರಚಿಕಿತ್ಸಕರು. ಕೊಂಡವರು ಒಳಗಿನ ಸಾಮಾನು ಬೇಕೇ ಎಂದು ಕೇಳಿದಾಗ ಏನೂ ಬೇಡವೆಂದೆ. ಆಮೇಲೆ ಬೇಕಿತ್ತು ಅನ್ನಿಸಿತು.

ಚಿಕಿತ್ಸಾಲಯವನ್ನೂ ಬದಲಿಸಿದೆ. ಪಕ್ಕದೂರಿಗೆ ವ್ಯಾನಿನಲ್ಲಿ ಕರೆದೊಯ್ಯುತ್ತೇನೆ. ಲೊರೇನ್ ಎರಡು ಸಲ ಬಾಗಿಲು ಬಡಿದಳು. ನಾನು ಒಳಗಿದ್ದೆ, ಅವಳಿಗೂ ಅದು ಗೊತ್ತಿತ್ತು.

ಕೊನೆಯ ಮಾತು ಆದದ್ದು ವಸಂತದಲ್ಲಿ, ಕಾಲುವೆಯ ದಾರಿಯಲ್ಲಿ. ಬಿಷಪ್ ಆಗಷ್ಟೇ ಹೊಸ ಕಾಲಿನಲ್ಲಿ ಅರ್ಧ ಮೈಲು ನಡೆಯಲು ಕಲಿತಿದ್ದ. ದೂರದಿಂದ ಅವಳನ್ನು ಕಂಡದ್ದೇ ತಡ, ನನ್ನನ್ನು ಎಳೆದುಕೊಂಡು ಹೋದ. ಅರವತ್ತೈದು ಕಿಲೋದ ನಾಯಿ ಎಳೆದರೆ ಮುನಿಸು ಲೆಕ್ಕಕ್ಕೆ ಬರುವುದಿಲ್ಲ. ಅವಳು ಕೆಸರಿನಲ್ಲೇ ಮಂಡಿಯೂರಿ ಅವನ ತಲೆಯನ್ನು ಭುಜದ ಮೇಲೆ ಹಾಕಿಕೊಂಡಳು.

"ಚೆನ್ನಾಗಿ ನಡೀತಾನೆ," ಅಂದಳು.

"ಹೂಂ."

"ನೀನೂ ಚೆನ್ನಾಗಿ ಕಾಣ್ತೀಯ."

"ಒಂದು ಕೇಳ್ತೀನಿ, ನಿಜ ಹೇಳು," ಅಂದೆ. "ಮತ್ತೆ ಆ ದಿನ ಬಂದ್ರೆ ಹೇಳ್ತೀಯೋ, ಬಾಯಿ ಮುಚ್ಕೊಂಡು ಇರ್ತೀಯೋ?"

ಕ್ಷಮೆ ಕೇಳುತ್ತಾಳೆ ಅಂದುಕೊಂಡಿದ್ದೆ. ಕೇಳಿದ್ದರೆ ಬಹುಶಃ ಅಲ್ಲಿಗೆ ಮುಗಿಯುತ್ತಿತ್ತು. ಅವಳು ನಾಯಿಯ ಕಿವಿ ಸವರುತ್ತಾ ಯೋಚನೆ ಮಾಡಿದಳು. ಆ ಅರ್ಜಿಯ ದಿನವೊಂದು ಬಿಟ್ಟರೆ ಸುಳ್ಳು ಹೇಳುವ ಅಭ್ಯಾಸ ಅವಳಿಗೆ ಇರಲಿಲ್ಲ. ಸುಮ್ಮನಿರುವುದಷ್ಟೇ ಗೊತ್ತು.

"ಬಾಯಿ ಮುಚ್ಕೊಂಡೇ ಇರ್ತೀನಿ," ಅಂದಳು. "ನೋಡು, ಹೊರಗೆ ನಿಂತಿದೀಯ ನೀನು. ಗಾಳೀಲಿ."

ಅದು ನಿಜ. ನಿಜವಾದ್ದರಿಂದಲೇ ಸಿಟ್ಟು ಬಂತು. ನನ್ನ ಬದುಕನ್ನು ನನಗಿಂತ ಚೆನ್ನಾಗಿ ಓದಿಕೊಂಡು, ನನಗೆ ತಿಳಿಸದೆ ಅದಕ್ಕೆ ಸಹಿ ಹಾಕಿದವಳ ಎದುರು ಕೂತು ಇನ್ನು ಟೀ ಕುಡಿಯುವುದು ಹೇಗೆ? ಅವಳು ಕೊಟ್ಟ ಪ್ರತಿ ಸಲಹೆಯನ್ನೂ ಈಗ ಹಿಂದಕ್ಕೆ ಹೋಗಿ ಮಗುಚಿ ನೋಡುತ್ತಿದ್ದೇನೆ. ಅಮ್ಮನನ್ನು ವೃದ್ಧಾಶ್ರಮಕ್ಕೆ ಸೇರಿಸಬೇಡ ಅಂದದ್ದು, ಎಂದೋ ಒಬ್ಬ ಬಂದು ಮದುವೆಯಾಗುತ್ತೀಯಾ ಎಂದು ಕೇಳಿದಾಗ ಅವನು ಬೇಡ ಅಂದದ್ದು. ಆಗೆಲ್ಲ ಅವಳಿಗೆ ಏನೇನು ಗೊತ್ತಿತ್ತೋ.

"ಭಾನುವಾರ ಬರಬೇಡ," ಅಂದೆ. "ಯಾವ ಭಾನುವಾರಾನೂ."

ಹೋದ ತಿಂಗಳು ಪಾಲಿಸಿ ಮುಂದುವರಿಸುವ ಹೊತ್ತು ಬಂತು. ಕಂತು ಏರಿತ್ತು. ಸಣ್ಣಕ್ಷರಗಳನ್ನು ಒಬ್ಬಳೇ ಕೂತು ಓದಿದೆ, ಅರ್ಧ ತಿಳಿಯಲಿಲ್ಲ. ಕಂಪನಿಗೆ ಫೋನು ಮಾಡಿದೆ. ಎಳೆ ದನಿಯ ಹುಡುಗಿಯೊಬ್ಬಳು ಎತ್ತಿಕೊಂಡು, ಕಳೆದ ವರ್ಷದಿಂದ ಈಚೆಗೆ ನಾಯಿಯ ಆರೋಗ್ಯದಲ್ಲಿ ಏನಾದರೂ ವ್ಯತ್ಯಾಸ ಕಂಡಿದ್ದೀರಾ ಎಂದು ಕೇಳಿದಳು. ನಾನು ಹೇಳತೊಡಗಿದೆ. ಬಲಗಾಲು ಚಳಿಗೆ ಹಿಡಿದುಕೊಳ್ಳುವುದು, ಫೆಬ್ರವರಿಯಲ್ಲಿ ಎರಡು ದಿನ ಕೆಮ್ಮಿದ್ದು, ಎಡ ಕಿವಿ ಕೆರೆದುಕೊಂಡದ್ದು, ಒಂದು ಸಲ ಮಕ್ಕಳ ಕೈಗವಸು ನುಂಗಿ ಮಾರನೇ ದಿನ ಹಾಗೇ ಹೊರಗೆ ಹಾಕಿದ್ದು, ನಿದ್ದೆಯಲ್ಲಿ ನರಳುವುದು.

"ಮೇಡಂ," ಅಂದಳು ಆ ಹುಡುಗಿ ಮೆಲ್ಲಗೆ, "ಇಷ್ಟೆಲ್ಲ ಹೇಳೋದು ಬೇಕಿಲ್ಲ. ಹೌದು ಅಥವಾ ಇಲ್ಲ ಅಂದ್ರೆ ಸಾಕು."

"ಹೌದು ಅಂತ ಹಾಕ್ಕೊಳ್ಳಮ್ಮ," ಅಂದೆ. "ಎಲ್ಲದಕ್ಕೂ."