ಕುದುರೆ ಚೆನ್ನಾಗಿದೆ, ಸ್ವಲ್ಪ ಹೊಗೆ ಜಾಸ್ತಿ

೧

ಹೇಗೆ ಶುರು ಮಾಡಲಿ, ನೀವೇ ಹೇಳಿ. ಕಥೆಯಲ್ಲಿ ಒಂದು ರಿವಾಲ್ವರ್ ಇದೆ ಎಂದ ಕೂಡಲೇ ನೀವು ನೆಟ್ಟಗೆ ಕೂತಿರಿ. ನಾನೂ ಹಾಗೇ ಕೂತಿದ್ದೆ. ಮೊದಲ ಡ್ರಾಫ್ಟಿನ ಮೊದಲ ವಾಕ್ಯ ಹೀಗಿತ್ತು: "ಅವಳು ರಿವಾಲ್ವರನ್ನು ತಿರುಗಿಸಿ ನೋಡಿದಳು; ಕಣ್ಣಲ್ಲಿ ಹಳೆಯ ಸೇಡೊಂದು ಹೊಳೆಯಿತು." ಭೇಷ್ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವಷ್ಟರಲ್ಲಿ ಕಥೆಯೊಳಗಿಂದ ಯಾರೋ ಕೆಮ್ಮಿದರು.

"ರೀ, ಸೇಡೂ ಇಲ್ಲ, ಹೊಳೆಯೋದೂ ಇಲ್ಲ. ನಾನು ಹೈಸ್ಕೂಲಿನ ಡ್ರಿಲ್ ಟೀಚರ್. ಓಟದ ಪಂದ್ಯ ಶುರು ಮಾಡೋಕೆ ಒಂದು ಸೆಕೆಂಡ್ ಹ್ಯಾಂಡ್ ರಿವಾಲ್ವರ್ ಹುಡುಕ್ತಿದೀನಿ. ನಳಿಗೆ ಮುಚ್ಚಿರತ್ತೆ, ಗುಂಡು ಗಿಂಡು ಏನೂ ಹಾರಲ್ಲ. ಢಮಾರ್ ಅನ್ನತ್ತೆ, ಅಷ್ಟೇ."

ಹೋಯಿತಲ್ಲ ನನ್ನ ಥ್ರಿಲ್ಲರ್! (ಡ್ರಾಫ್ಟ್ ಒಂದು ಕಸದ ಬುಟ್ಟಿಗೆ ಹೋಯಿತು.)

೨

ಪಂದ್ಯ ಶುರು ಮಾಡಲು ಒಂದು ಸೀಟಿ ಊದಿದರೆ ಸಾಲದೇ ಎಂದು ಕೇಳಿದೆ. ಸಾಲದು. ಯಾಕೆ ಎಂದು ಹೇಳುವಾಗ ಟೀಚರ ದನಿ ಸ್ವಲ್ಪ ತಗ್ಗಿತು.

ಟೀಚರ ತಮ್ಮನ ಮಗಳು ಅದೇ ಶಾಲೆಯಲ್ಲಿ ಓದುತ್ತಾಳೆ. ಚಿಕ್ಕಂದಿನಲ್ಲಿ ಬಂದ ಜ್ವರ ಹೋಗುವಾಗ ಕಿವಿಯನ್ನೂ ಕರೆದುಕೊಂಡು ಹೋಯಿತು. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುತ್ತಾಳೆ, ತಾನೂ ಹುರಿಗಾಳು ಸಿಡಿದಂತೆ ಮಾತಾಡುತ್ತಾಳೆ. ಓಟದಲ್ಲಂತೂ ಅವಳನ್ನು ಹಿಡಿಯುವವರಿಲ್ಲ. ಆದರೆ ಸೀಟಿ ಕೇಳಬೇಕಲ್ಲ? ಪಕ್ಕದವಳ ಕಾಲು ಎದ್ದದ್ದನ್ನು ನೋಡಿ ಇವಳ ಕಾಲು ಏಳಬೇಕು. ಅಷ್ಟರಲ್ಲಿ ನೂರು ಮೀಟರ್ ಓಟದ ಹಣೆಬರಹ ಬರೆದಾಗಿರುತ್ತದೆ. ಹೋದ ವರ್ಷ ಎಲ್ಲರಿಗಿಂತ ಹಿಂದೆ ಹೊರಟು, ಒಬ್ಬೊಬ್ಬರನ್ನೇ ದಾಟಿ, ಮುಂದೆ ಉಳಿದ ಇಬ್ಬರು ಕೈಗೆ ಸಿಗುವಷ್ಟರಲ್ಲಿ ಓಟವೇ ಮುಗಿದುಹೋಯಿತು. ಜೊತೆಯ ಹುಡುಗಿಯರು ಅವಳಿಗಿಟ್ಟ ಹೆಸರು 'ಲೇಟು'. ಬೆನ್ನ ಹಿಂದೆ ಕರೆದರೆ ಅವಳಿಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದಾರೆ. ಗೊತ್ತಾಗುತ್ತದೆ, ಪಾಪ. ಅದಕ್ಕೆ ಕಿವಿಯೇ ಬೇಕೆಂದಿಲ್ಲ.

(ಒಂದು ಕರ್ಚೀಫ್ ಬೀಸಿದರಾಯಿತಪ್ಪ ಎನ್ನುತ್ತಿದ್ದೀರಿ. ನಾನೂ ಅಂದೆ, ಅಂದು ಬೈಸಿಕೊಂಡೆ.)

"ಬೀಸೋಕೆ ಹೋಗಿದ್ದೆ ರೀ. ಬೇರೆ ಸ್ಕೂಲಿನವರು ಮೈಮೇಲೆ ಬಂದ್ರು. ಒಬ್ಬಳಿಗೇ ಬೇರೆ ಸಿಗ್ನಲ್ ಯಾಕೆ, ತಮ್ಮನ ಮಗಳು ಅಂತಾನಾ ಅಂದ್ರು. ಅವರ ಮಾತು ಬಿಡಿ. ಇವಳೇ ನನ್ನ ಕೈ ಹಿಡ್ಕೊಂಡು, 'ಅತ್ತೆ, ನಂಗೇಂತ ಬೇರೆ ಏನೂ ಬೇಡ. ಎಲ್ರಿಗೂ ಕೊಡೋದನ್ನೇ ನಂಗೂ ಕೊಡಿ' ಅಂದ್ಲು."

ನಾನು ಕನ್ನಡಕ ತೆಗೆದು ಒರೆಸಿಕೊಂಡೆ. (ಆಧುನಿಕೋತ್ತರ ಕಥೆ ಬರೆಯುವವರು ಕನ್ನಡಕ ಒರೆಸಿಕೊಳ್ಳಬಾರದೆಂದು ಎಲ್ಲಾದರೂ ರೂಲ್ ಇದ್ದರೆ ದಯವಿಟ್ಟು ತಿಳಿಸಿ.)

ಆಮೇಲೆ ಟೀಚರಿಗೆ ಒಂದು ಹಳೆಯ ಪಾಠ ನೆನಪಾಯಿತು. ದೊಡ್ಡ ಪಂದ್ಯಗಳಲ್ಲಿ ಗುರಿಯ ಹತ್ತಿರ ಗಡಿಯಾರ ಹಿಡಿದು ನಿಲ್ಲುವವರು ರಿವಾಲ್ವರಿನ ಸದ್ದನ್ನು ನಂಬುವುದಿಲ್ಲ; ಅಷ್ಟು ದೂರಕ್ಕೆ ಸದ್ದು ತಡವಾಗಿ ಬರುತ್ತದೆ. ಅವರು ನೋಡುವುದು ಹೊಗೆಯನ್ನು. "ಆ ತುದೀಲಿ ನಿಂತೋರೆಲ್ಲಾ ಕಣ್ಣಲ್ಲೇ ಕೇಳೋದು ರೀ. ಹಾಗಿದ್ಮೇಲೆ ಈ ತುದೀಲಿ ಒಬ್ಬಳು ಕಣ್ಣಲ್ಲಿ ಕೇಳಿದ್ರೆ ಏನು ಗಂಟು ಹೋಗತ್ತೆ?"

ಈ ಸಲ ಪಂದ್ಯ ಅವರದೇ ಶಾಲೆಯ ಮೈದಾನದಲ್ಲಿ. ಶುರು ಮಾಡಿಸುವವರು ಟೀಚರೇ. ಎಲ್ಲರಿಗೂ ಒಂದೇ ಸಿಗ್ನಲ್. ಒಳ್ಳೆ ಹೊಗೆ ಬರುವ ರಿವಾಲ್ವರ್ ಒಂದು ಸಿಕ್ಕಿಬಿಟ್ಟರೆ ಹುಡುಗಿ ಒಂದು ಸಲವಾದರೂ ಎಲ್ಲರ ಜೊತೆ ಹೊರಡುತ್ತಾಳೆ.

೪

(೩ ಎಲ್ಲಿ ಎನ್ನಬೇಡಿ. ಅದರಲ್ಲಿ ಒಂದು ಕುದುರೆ ಇತ್ತು. ಸ್ವಲ್ಪ ತಾಳಿ.)

ಆಟದ ಸಾಮಾನಿನ ಅಂಗಡಿ. ಸೀಲಿಂಗಿನಿಂದ ಬಲೆ ಕಟ್ಟಿದ ಫುಟ್ಬಾಲುಗಳು ನೇತಾಡುತ್ತಿವೆ. ಅಂಗಡಿಯವನು ಬೋಳುತಲೆಯವನು, ಮಾತಿನ ಮಲ್ಲ. ಗಾಜಿನ ಮೇಲೆ ಎರಡು ಹಳೆಯ ರಿವಾಲ್ವರ್ ಇಟ್ಟ. ಒಂದು ಕನ್ನಡಿಯ ಹಾಗೆ ಮಿರಮಿರ ಮಿಂಚುತ್ತಿತ್ತು. ಇನ್ನೊಂದರ ಕಪ್ಪು ಬಣ್ಣ ಅಲ್ಲಲ್ಲಿ ಕಿತ್ತುಹೋಗಿ, ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿತ್ತು.

"ಇದು ತಗೊಳ್ಳಿ ಮೇಡಂ," ಎಂದು ಮಿಂಚುವುದನ್ನು ಮುಂದೆ ತಳ್ಳಿದ. "ಮದುವೆ ಹೆಣ್ಣಿನ ಹಾಗಿದೆ."

"ಹೆಣ್ಣು ನೋಡೋಕೆ ಬಂದಿಲ್ಲಪ್ಪ ನಾನು."

ಟೀಚರು ಎರಡನ್ನೂ ಬೆಳಕಿಗೆ ಹಿಡಿದರು. ಮದ್ದಿನ ತೋಟಾ ತುಂಬುವ ಉರುಳೆಯನ್ನು ಬೆರಳಲ್ಲಿ ಅಲ್ಲಾಡಿಸಿದರು. ಮಿಂಚುವುದು ಸಡಿಲ ಹಲ್ಲಿನ ಹಾಗೆ ಅಲ್ಲಾಡಿತು. ಕಪ್ಪನೆಯದು ಕದಲಲಿಲ್ಲ. ಆಮೇಲೆ ಕುದುರೆ ಒತ್ತಿ ನೋಡಿದರು. ಮಿಂಚುವುದು ಮೂರು ಸಲಕ್ಕೆ ಒಮ್ಮೆ ಬೀಳಲು ಮರೆಯುತ್ತಿತ್ತು. ಕಪ್ಪನೆಯದು ಒತ್ತಿದಾಗಲೆಲ್ಲ ಟಕ್ ಎಂದು ಬಿತ್ತು.

"ಹೊಡೆದು ತೋರಿಸಿ," ಎಂದರು.

ಹಿತ್ತಲಿಗೆ ಹೋದರು. ಮಿಂಚುವುದು ಅಕ್ಕಪಕ್ಕದ ನಾಯಿಗಳನ್ನೆಲ್ಲ ಎಬ್ಬಿಸಿತು. ಹೊಗೆ ಮಾತ್ರ ಊದುಬತ್ತಿಯಷ್ಟು. ಕಪ್ಪನೆಯದು ಡಬ್ ಎಂದಿತು, ಅಷ್ಟೇ. ಅದರ ನೆತ್ತಿಯಿಂದ ಬೆಳ್ಳನೆಯ ದಪ್ಪ ಹೊಗೆ ಭುಸ್ಸೆಂದು ಎದ್ದು ಅಂಗಡಿಯವನ ಬೋಳುತಲೆಯನ್ನೇ ನುಂಗಿತು.

"ಅಯ್ಯೋ, ಸ್ವಲ್ಪ ಹೊಗೆ ಜಾಸ್ತಿ ಮೇಡಂ," ಎಂದ ಆತ ನಾಚಿಕೊಂಡು, ಕೆಮ್ಮುತ್ತ. "ಇದಕ್ಕೆ ಹಳೇ ನಮೂನೆ ತೋಟಾನೇ ಆಗ್ಬೇಕು. ಅದು ಇಷ್ಟು ಹೊಗೆ ಬಿಡತ್ತೆ. ಈಗೆಲ್ಲ ಸಿಗಲ್ಲ, ನನ್ ಹತ್ರ ಒಂದೇ ಡಬ್ಬಿ ಉಳಿದಿದೆ. ಅದಕ್ಕೇ ರೇಟೂ ಅರ್ಧ."

ಟೀಚರು ಸಂತೋಷವನ್ನು ಮುಖದ ಮೇಲೆ ಬರಗೊಡಲಿಲ್ಲ. ಚೌಕಾಸಿ ಗೊತ್ತಿದ್ದವರು ಬೇಕಾದ ಸಾಮಾನನ್ನು ಬೇಡವೆಂಬಂತೆಯೇ ಹಿಡಿಯುತ್ತಾರೆ. "ಇಷ್ಟು ಹೊಗೆಗೆ ಅರ್ಧ ಜಾಸ್ತೀನೇ ಆಯ್ತು. ಡಬ್ಬಿ ಸೇರಿಸಿ ಕೊಡಿ," ಎಂದು ಮುಖ ಗಂಟಿಕ್ಕಿದರು.

೫

ಅಲ್ಲಿಂದಲೇ ಗಂಡನಿಗೆ ಫೋನ್ ಮಾಡಿದರು. ಟೀಚರ ಯಜಮಾನರು ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಕಾಲು ಮಿಷಿನ್ನಿನ ಮೇಲೆ, ಫೋನು ಭುಜಕ್ಕೂ ಕೆನ್ನೆಗೂ ನಡುವೆ.

"ಏನೂಂದ್ರೆ, ಕುದುರೆ ಚೆನ್ನಾಗಿದೆ. ತೋಟಾ ಸಿಗೋದೇ ಕಷ್ಟವಂತೆ."

ಮಿಷಿನ್ನು ನಿಂತಿತು. "ಕುದುರೇನಾ? ಕಟ್ಟೋದೆಲ್ಲೇ ಅದನ್ನ? ಇರೋದು ಎರಡು ರೂಮು. ನನ್ ಮಾತು ಕೇಳು, ಕುದುರೆ ಬಿಡು, ತೋಟಾನೇ ನೋಡು. ಕೂತ್ಕೊಂಡು ತಿನ್ನಬಹುದು."

(ನಗಬೇಡಿ. ಬಂದೂಕಿಗೆ ಸಂಬಂಧಿಸಿದ ಮಾತು ನಮ್ಮ ಭಾಷೆಯಲ್ಲಿ ಹೀಗೇ. ಬೆರಳಿಟ್ಟು ಒತ್ತುವುದಕ್ಕೂ ಒತ್ತಿದಾಗ ಬೀಳುವುದಕ್ಕೂ ಕುದುರೆ ಎಂದು ಹೆಸರಿಟ್ಟವರು ಯಾರೋ. ಟೀಚರು ನನಗೆ ಮೊದಲ ಸಲ ಈ ಕಥೆ ಹೇಳಿದಾಗ ನಾನೂ ಅರ್ಧ ಕಿವಿಯಲ್ಲಿ ಕೇಳಿಸಿಕೊಂಡು ನಿಜವಾದ ಕುದುರೆಯನ್ನೇ ಅಂಗಡಿಯೊಳಗೆ ನಿಲ್ಲಿಸಿದ್ದೆ. ಅದು ಬ್ಯಾಡ್ಮಿಂಟನ್ ಬಲೆಯನ್ನು ಮೇಯುತ್ತಿತ್ತು. ಚೆನ್ನಾಗಿಯೇ ಇತ್ತು ಆ ಭಾಗ, ಮೂರನೆಯದು. ಕಿವಿ ನೆಟ್ಟಗಿರುವ ನಮ್ಮ ಹಣೆಬರಹ ಇದು!)

೬

ಇನ್ನು ಕೊನೆ. ನಾನು ಮೂರು ಕೊನೆಗಳನ್ನು ಟೀಚರ ಮುಂದಿಟ್ಟೆ.

ಅ) ಹುಡುಗಿ ಗೆಲ್ಲುತ್ತಾಳೆ. ಅತ್ತೆ ಅವಳನ್ನು ಎತ್ತಿ ತಿರುಗಿಸುತ್ತಾರೆ.

"ಸಿನಿಮಾ," ಎಂದರು ಟೀಚರು. "ಅಲ್ಲದೆ ಅವಳ ತೂಕ ನಿಮಗೆ ಗೊತ್ತಿಲ್ಲ."

ಆ) ಗಾಳಿ ಬೀಸಿ ಹೊಗೆಯನ್ನು ಹೊತ್ತೊಯ್ಯುತ್ತದೆ. ಹುಡುಗಿಗೆ ಕಾಣುವುದೇ ಇಲ್ಲ.

"ನಿಮ್ಮ ಮನೇಲಿ ಮಕ್ಕಳಿಲ್ವಾ?"

ಇ) ತೋಟಾ ತೇವ ಹಿಡಿದಿರುತ್ತದೆ. ಕುದುರೆ ಬೀಳುತ್ತದೆ, ಹೊಗೆ ಬರುವುದಿಲ್ಲ.

ಟೀಚರು ಮೂರೂ ಕೊನೆಗಳನ್ನು ನನ್ನ ಕಡೆಗೇ ತಳ್ಳಿದರು. ಆಮೇಲೆ, "ನೋಡಿ, ಅವಳನ್ನ ಗೆಲ್ಲಿಸಿ ಅಂತ ನಾನು ಕೇಳಲ್ಲ. ಶುರು ಸರಿಯಾಗಿ ಮಾಡಿಸಿ. ಮಿಕ್ಕಿದ್ದು ಅವಳು ನೋಡ್ಕೋತಾಳೆ," ಎಂದರು.

ಹ್ಞೂಂ ಎಂದೆ. (ಹ್ಞೂಂ ಎಂದೇನೋ ಅಂದೆ. ಆದರೆ ಎಲ್ಲ ಸಲೀಸಾಗಿ ನಡೆದರೆ ಅದೆಂಥ ಕಥೆ ಎಂಬ ಚಟ ಬಿಡಬೇಕಲ್ಲ? ಅವರಿಗೆ ಕಾಣದಂತೆ ಡಬ್ಬಿಯೊಳಗೆ ತೇವ ಹಿಡಿದ ಒಂದು ತೋಟಾ ಸೇರಿಸಿಬಿಟ್ಟೆ.)

೭

ಮೈದಾನ. ಸುಣ್ಣದ ಗೆರೆಗಳ ನಡುವೆ ಹುಡುಗಿಯರು ನಿಂತಿದ್ದಾರೆ. ಟೀಚರು ಸ್ವಲ್ಪ ಮುಂದಕ್ಕೆ, ಹುಲ್ಲಿನ ಮೇಲೆ, ಎಲ್ಲರಿಗೂ ಕಾಣುವಂತೆ ನಿಂತು ಕೈ ಎತ್ತಿದರು. ಎಲ್ಲರೂ ನೆಲ ನೋಡಿದರು. ಲೇಟು ಮಾತ್ರ ಕತ್ತೆತ್ತಿ ಅತ್ತೆಯ ಕೈಯನ್ನೇ ನೋಡಿದಳು.

ಕುದುರೆ ಬಿತ್ತು. ಟಕ್.

ಅಷ್ಟೇ. ನನ್ನ ತೇವದ ತೋಟಾ. ಟೀಚರು ನನ್ನತ್ತ ತಿರುಗಿ ನೋಡಿದ ನೋಟವನ್ನು ಬರೆಯುವ ಧೈರ್ಯ ನನಗಿಲ್ಲ.

ಆದರೆ ಆ ಟಕ್ ಸದ್ದಿಗೇ ಹುಡುಗಿಯರು ಒಬ್ಬರ ಹಿಂದೊಬ್ಬರು ಓಡಿಬಿಟ್ಟರು! "ಅಯ್ಯೋ ಲೇಟು, ಓಡೇ!" ಎಂದು ಬೇಲಿಯಾಚೆ ಯಾರೋ ಕೂಗಿ ನಕ್ಕರು. ಲೇಟು ಅಲ್ಲಾಡಲಿಲ್ಲ. ಪಕ್ಕದವಳ ಕಾಲು ಎದ್ದದ್ದು ಕಂಡಿತ್ತು, ಆದರೂ ನಿಂತಳು. ಹೊಗೆ ಬಂದಿರಲಿಲ್ಲ. ತಪ್ಪು ಓಟವೆಂದು ಕೆಂಪು ಬಾವುಟ ಮೇಲೆದ್ದಿತು, ಓಡಿದವರೆಲ್ಲ ನಾಲಿಗೆ ಕಚ್ಚಿಕೊಂಡು ವಾಪಸ್ ಬಂದರು. ಬೇಲಿಯಾಚೆಯ ನಗು ಹಾಗೇ ಕರಗಿತು. ತನ್ನ ಗೆರೆಯ ಹಿಂದೆ ಸರಿಯಾಗಿ ನಿಂತಿದ್ದವಳು ಅವಳೊಬ್ಬಳೇ.

"ತಪ್ಪು ನಂದೇ, ತೋಟಾ ಕೆಟ್ಟಿತ್ತು. ಯಾರನ್ನೂ ಔಟ್ ಮಾಡಲ್ಲ," ಎಂದು ಟೀಚರು ಎಲ್ಲರಿಗೂ ಕೇಳುವಂತೆ ಹೇಳಿದರು. ತಪ್ಪು ಯಾರದೆಂದು ನಿಮಗೆ ಗೊತ್ತು. ನಾಚಿಕೆಯಾಯಿತು ನನಗೆ.

ಉರುಳೆ ತಿರುಗಿತು. ಮತ್ತೆ ಕೈ ಮೇಲೆದ್ದಿತು. ಈ ಸಲ ಒಂದು ವಿಚಿತ್ರ ನಡೆಯಿತು: ಎಲ್ಲ ಹುಡುಗಿಯರೂ ಕತ್ತೆತ್ತಿ, ಅವಳ ಹಾಗೇ, ಟೀಚರ ಕೈಯನ್ನೇ ನೋಡುತ್ತ ನಿಂತರು.

೮

ಹೊಗೆ.

ಯಾರು ಗೆದ್ದರು ಎಂದು ಕೇಳುತ್ತೀರಿ. ಶುರು ಮಾಡಲಿಕ್ಕೇ ಇಷ್ಟು ಒದ್ದಾಡಿದವನನ್ನು ಕೊನೆ ಕೇಳುತ್ತೀರಲ್ಲ, ಒಳ್ಳೆ ಕಥೆಯಾಯಿತು ನಿಮ್ಮದು! ಹೊಗೆ ಇನ್ನೂ ಟೀಚರ ಮುಖ ಬಿಟ್ಟು ಹೋಗಿಲ್ಲ. ಅದಕ್ಕೇ ಅವರ ಕಣ್ಣಲ್ಲಿ ನೀರು ಎಂದು ಬರೆಯಿರಿ ಅಂತ ಅವರೇ ಹೇಳಿದ್ದಾರೆ, ಬರೆದಿದ್ದೇನೆ. ಆ ಹುಡುಗಿಯನ್ನು ಇನ್ನು ಲೇಟು ಎಂದು ಬರೆಯಲು ನನ್ನ ಪೆನ್ನು ಒಪ್ಪುತ್ತಿಲ್ಲ, ಬೇರೆ ಹೆಸರು ಇಡುವ ಹಕ್ಕು ನನಗಿಲ್ಲ. ಸಾಲಿನ ಕಾಲುಗಳೆಲ್ಲ ಒಟ್ಟಿಗೇ ಎದ್ದಿವೆ, ಅವಳದೂ ಎದ್ದಿದೆ. ಮಿಕ್ಕಿದ್ದು ಅವಳು ನೋಡಿಕೊಳ್ಳುತ್ತಾಳೆ.